ಸೋಮವಾರ ರಾತ್ರಿಯ ಕೊನೆಯ ಪಾಳಿ

ಹೋದ ತಿಂಗಳು ಚಿತ್ರದುರ್ಗದ ಒಂದು ರಿಪೇರಿ ಅಂಗಡಿಯಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಬಿಚ್ಚಿಸಿದೆ. ಆನ್ ಮಾಡಿದ ಐದು ನಿಮಿಷಕ್ಕೆ ಕಾದು ತಾನಾಗಿ ಆರಿಹೋಗುತ್ತಿತ್ತು. ಅಂಗಡಿಯವರು ಅದರ ಫ್ಯಾನಿಗೆ ಗಾಳಿ ಹೊಡೆದರು ನೋಡಿ, ಮೇಜಿನ ಮೇಲೆ ಒಂದು ಚಮಚದಷ್ಟು ಮಣ್ಣು ಬಿತ್ತು. "ಏನ್ ಮೇಡಂ, ಇದನ್ನ ತಗಂಡು ಹೊಲ ಉಳುಮೆ ಮಾಡಿದ್ರಾ?" ಎಂದು ಕೇಳಿ, ಒದ್ದೆ ಬಟ್ಟೆಯಿಂದ ಆ ಮಣ್ಣನ್ನು ಒರೆಸಿದರು. ಆಗ ಎದ್ದ ವಾಸನೆ ನನಗೆ ತಕ್ಷಣ ಗುರುತು ಸಿಕ್ಕಿತು. ವರ್ಷಗಟ್ಟಲೆ ಒಣಗಿದ್ದ ಕಾಲುವೆಗೆ ನೀರು ಬಿಟ್ಟಾಗ ಬರುವ ವಾಸನೆ ಅದು. ಅಂಗಡಿಯವರು ಏನೋ ಬಿಲ್ಲಿನ ವಿಷಯ ಹೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ.

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ಮರುವರ್ಷದ ಬೇಸಿಗೆ ಅದು. ನಾನು ಹೊಳಲ್ಕೆರೆಯವಳು. ಹೊಸದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಆ ವರ್ಷ ಅತಿಥಿಯನ್ನು ಮತ್ತೆ ಕರೆಯಲಿಲ್ಲ. ಕರೆಯದ ಮನೆಗೆ ಹೋಗಲಾಗುತ್ತದೆಯೇ? ಹಿರಿಯೂರಿನ ಚಿಕ್ಕಮ್ಮನ ಮನೆಗೆ ಬಂದು ಕೂತಿದ್ದೆ. ಚಿಕ್ಕಪ್ಪನಿಗೆ ಪರಿಚಯದ ರುದ್ರಣ್ಣ ಎನ್ನುವವರು ಕಣಿವೆಯ ಕೆಳಗಿನ ಒಂದು ಹಳ್ಳಿಯ ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮು. ಒಂದು ದಿನ ಮನೆಗೆ ಬಂದವರು ನನ್ನನ್ನು ಕೂರಿಸಿಕೊಂಡು ಹೇಳಿದರು.

"ಕಾಲುವೆಗೆ ಎಷ್ಟೋ ವರ್ಷ ನೀರು ಸರಿಯಾಗಿ ಬರ್ಲಿಲ್ಲ. ಈಗ ಬಂದೈತೆ. ಯಾರ ಪಾಳಿ ಯಾವಾಗ ಅನ್ನೋದು ಅರ್ಧ ಜನಕ್ಕೆ ಮರ್ತೋಗೈತೆ. ಎಲ್ಲಾ ಓಬಳಪ್ಪನ ತಲೇಲೈತೆ. ಅವನಿಗೂ ವಯಸ್ಸಾತು. ಅದನ್ನ ತೆಗ್ದು ಕಂಪ್ಯೂಟ್ರಿಗೆ ಹಾಕ್ಬೇಕು. ಯಾರು ಎಲ್ಲಿ ಕುಂತು ಫೋನ್ ಒತ್ತಿದ್ರೂ ಅವರ ಪಾಳಿ ಕಾಣ್ಬೇಕು. ಆಗ್ತದಾ?"

ಆಗುತ್ತದೆ ಎಂದೆ. ಕೆಲಸವಿಲ್ಲದವಳ ಬಾಯಲ್ಲಿ ಇನ್ನೇನು ಬರುತ್ತದೆ.

ಓಬಳಪ್ಪ ಅಂದರೆ ಆ ಊರಿನ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಮನೆಮನೆಗೆ ಹೋಗಿ "ಇವತ್ತು ನಿಂದು" ಎಂದು ಹೇಳುವುದು ಅವರ ಕೆಲಸ. ಅವರಪ್ಪನೂ ನೀರಗಂಟಿಯೇ. ಓದು ಬರಹ ಬಾರದು. ತೂಬಿನಿಂದ ಕೊನೆಯ ಹೊಲದವರೆಗೆ ವಾರದ ಏಳು ಹಗಲು ಏಳು ರಾತ್ರಿಯ ಪಾಳಿ ಅವರಿಗೆ ಬಾಯಿಪಾಠ.

ನನಗೆ ಕೊಟ್ಟ ಆಫೀಸು ಸಂಘದ ಬೀಜದ ಗೋದಾಮು. ಒಂದು ಮೇಜು, ಒಂದು ಪ್ಲಗ್ಗು, ಸುತ್ತ ಶೇಂಗಾ ಮೂಟೆ. ಕಿಟಕಿಯ ಪಕ್ಕದಲ್ಲೇ ಕಾಲುವೆ ರಸ್ತೆ. ಟ್ರ್ಯಾಕ್ಟರ್ ಹೋದಾಗಲೆಲ್ಲ ಧೂಳು ಒಳಗೆ ಬಂದು ಲ್ಯಾಪ್‌ಟಾಪಿನ ಬಾಯಿಗೆ ಸೇರುತ್ತಿತ್ತು. ಫೋನಿನ ಸಿಗ್ನಲ್ಲು ಸಿಗುತ್ತಿದ್ದುದು ತಾರಸಿಯ ನೀರಿನ ತೊಟ್ಟಿಯ ಹತ್ತಿರ ಮಾತ್ರ. ಬೇಕಾದ ಸಾಫ್ಟ್‌ವೇರ್ ಒಂದೊಂದನ್ನೂ ಅಲ್ಲಿ ಬಿಸಿಲಲ್ಲಿ ನಿಂತು ಇಳಿಸಿಕೊಳ್ಳಬೇಕಿತ್ತು. ಇಳಿಸಿಕೊಂಡು ಕೆಳಗೆ ಬಂದರೆ ಒಂದಕ್ಕೆ ಇನ್ನೊಂದರ ಹಳೆಯ ಆವೃತ್ತಿ ಬೇಕು, ಮತ್ತೊಂದಕ್ಕೆ ಹೊಸದೇ ಬೇಕು. ಅತ್ತೆಗೆ ಸೊಸೆ ಆಗಲ್ಲ, ಸೊಸೆಗೆ ಅತ್ತೆ ಆಗಲ್ಲ, ನಡುವೆ ನಾನು. ಮೆಟ್ಟಿಲು ಹತ್ತಿ ಇಳಿದು ಮೂರು ದಿನ ಕಳೆದವು. ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲವೂ ರಾಜಿಯಾಗಿ, ಪರದೆಯ ಮೇಲೆ ನಾನೇ ಬರೆದ ಪುಟ ತೆರೆಯಿತು. ಅದರಲ್ಲಿ "ನಮಸ್ಕಾರ" ಎಂಬ ಒಂದೇ ಮಾತಿತ್ತು. ಗೋದಾಮಿನಲ್ಲಿ ಯಾರೂ ಇರಲಿಲ್ಲ, ನಾನೇ ತಿರುಗಿ ನಮಸ್ಕಾರ ಹೇಳಿದೆ.

ರುದ್ರಣ್ಣ ಬಂದು ಆ ಪುಟದ ವಿಳಾಸ ಕೇಳಿದರು. ಹೇಳಿದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ನೋಡಿದರು, ಏನೂ ಬರಲಿಲ್ಲ.

"ಅದು ಲೋಕಲ್ ಸರ್," ಎಂದೆ. "ಸದ್ಯಕ್ಕೆ ಈ ಯಂತ್ರದ ಒಳಗೆ ಮಾತ್ರ ಕಾಣ್ತದೆ. ಪೂರ್ತಿ ಪರೀಕ್ಷೆ ಮಾಡಿ ಆಮೇಲೆ ಹೊರಗೆ ಬಿಡೋದು."

"ಲೋಕಲ್ ಅಂದ್ರೆ ನನಗೆ ಮೊದ್ಲು ಕಾಣ್ಬೇಕಲ್ಲಮ್ಮ. ನಾನು ಹುಟ್ಟಿದ್ದಿಲ್ಲೇ, ಬೆಳ್ದಿದ್ದಿಲ್ಲೇ. ನಿನ್ ಯಂತ್ರ ಹೋದ ವಾರ ಹೊಳಲ್ಕೆರೆಯಿಂದ ಬಸ್ಸಲ್ಲಿ ಬಂದೈತೆ. ಅದು ಲೋಕಲ್ಲು, ನಾನಲ್ಲ?"

ಅವರಿಗೆ ಹೇಗೆ ಬಿಡಿಸಿ ಹೇಳುವುದು ತಿಳಿಯಲಿಲ್ಲ. ಪ್ರತಿಯೊಂದು ಯಂತ್ರಕ್ಕೂ ತನ್ನನ್ನು ತಾನು ಕರೆದುಕೊಳ್ಳಲು ಒಂದೇ ವಿಳಾಸ. ನಾವೆಲ್ಲ ನಮ್ಮನ್ನು "ನಾನು" ಎಂದುಕೊಳ್ಳುವ ಹಾಗೆ. ನನ್ನ ಯಂತ್ರದಲ್ಲಿ ಆ ವಿಳಾಸ ಕೊಟ್ಟರೆ ನನ್ನ ಪುಟ ಬರುತ್ತದೆ. ಅವರ ಫೋನಿನಲ್ಲಿ ಕೊಟ್ಟರೆ ಫೋನು ತನ್ನೊಳಗೇ ಹುಡುಕಿ, ಏನೂ ಇಲ್ಲ ಎನ್ನುತ್ತದೆ. ವರ್ಷಗಟ್ಟಲೆ ಪಾಠ ಹೇಳಿದ್ದರೂ ಇದೊಂದು ಸೋಜಿಗ ಎಂದು ನನಗೆ ಅನ್ನಿಸಿದ್ದು ಆವತ್ತೇ.

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಹೆಂಗಸೊಬ್ಬರು ನಕ್ಕರು. ಕಾಲುವೆಯ ಕಟ್ಟಕಡೆಗೆ ಒಂದು ಎಕರೆ ಹೊಲ ಇರುವ ರತ್ನಕ್ಕ. ತವರು ಹೊಸದುರ್ಗದ ಕಡೆಯ ಬಾಗೂರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನೀರು ಬಂತೆಂದು ಆ ಬೇಸಿಗೆ ಎಕರೆ ಪೂರ್ತಿ ಸೇವಂತಿಗೆ ನೆಟ್ಟಿದ್ದರು.

"ಅಷ್ಟೂ ತಿಳಿಯಲ್ವೇನ್ರಿ ರುದ್ರಣ್ಣ? ಮೆಣಸಿನ ಸಸಿಗೆ ಒಟ್ಲು ಹಾಕಲ್ವಾ, ಹಂಗೆ. ಮೊದ್ಲು ಹಿತ್ಲಲ್ಲಿ ಬದುಕ್ತಾವೋ ಇಲ್ವೋ ನೋಡ್ಕಂಡು, ಆಮೇಲೆ ಹೊಲಕ್ಕೆ ನೆಡೋದು," ಎಂದರು.

ಅಷ್ಟು ವರ್ಷ ನಾನು ಮೇಜು ಕುಟ್ಟಿ ಹೇಳಿದ್ದನ್ನು ಅವರು ಒಂದು ಉಸಿರಲ್ಲಿ ಹೇಳಿಬಿಟ್ಟರು. ರುದ್ರಣ್ಣನಿಗೂ ಒಪ್ಪಿಗೆಯಾಯಿತು. ಅಂದಿನಿಂದ ಆ ಊರಲ್ಲಿ ನನ್ನ ಕೆಲಸಕ್ಕೆ ಒಟ್ಲು ಎಂದೇ ಹೆಸರು. "ಕಂಪ್ಯೂಟ್ರಮ್ಮನ ಒಟ್ಲು ಎಷ್ಟು ದಿನದ್ದಾತು?" ಎಂದು ದಾರಿಯಲ್ಲಿ ಕೇಳುವವರು.

ಒಟ್ಲಿಗೆ ಮೊದಲು ಸುಳ್ಳು ಹೆಸರು ಹಾಕಿ ಪರೀಕ್ಷೆ ಮಾಡುವುದು ಪದ್ಧತಿ. ನಾನು ಜಾಣೆ, "ತಿಪ್ಪೇಸ್ವಾಮಿ" ಎಂದು ಹಾಕಿದೆ. ಚಿತ್ರದುರ್ಗ ಸೀಮೆಯಲ್ಲಿ ಆ ಹೆಸರು ಸುಳ್ಳಾಗುವುದುಂಟೇ. ಕಿಟಕಿಯಲ್ಲಿ ಇಣುಕಿದವರೊಬ್ಬರು ಪರದೆ ಓದಿ, ಸಂಜೆಯೊಳಗೆ ಮೂವರು ತಿಪ್ಪೇಸ್ವಾಮಿಗಳು ತಮ್ಮ ಪಾಳಿ ಯಾಕೆ ಬದಲಾಯಿತೆಂದು ಕೇಳಿಕೊಂಡು ಬಂದರು. ಆಮೇಲೆ ತೆಂಗು, ಹುಣಸೆ, ಬೇವು ಎಂದು ಮರಗಳ ಹೆಸರು ಹಾಕಿ ಪರೀಕ್ಷೆ ಮುಗಿಸಿದೆ. ಒಂದೇ ಹೊತ್ತನ್ನು ಇಬ್ಬರಿಗೆ ಕೊಡಲು ಹೋದರೆ ಕೆಂಪು ಅಕ್ಷರದಲ್ಲಿ "ಈ ಹೊತ್ತು ಬೇರೆಯವರಿಗಿದೆ" ಎಂದು ತಡೆಯುತ್ತಿತ್ತು. ನನಗೆ ಅದರ ಮೇಲೆ ಭಾರಿ ಹೆಮ್ಮೆ.

ಇನ್ನು ನಿಜವಾದ ಹೆಸರುಗಳು. ಸಂಘದ ಕಬ್ಬಿಣದ ಬೀರುವಿನಲ್ಲಿ ಒಂದು ಹಳೆಯ ರಿಜಿಸ್ಟರ್ ಇತ್ತು. ಹಿಂದೆ ಯಾರೋ ಎಂಜಿನಿಯರು ಮುತ್ತಿನಂಥ ಅಕ್ಷರದಲ್ಲಿ, ರೈಲ್ವೆ ಸಮಯದ ಹಾಗೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆದಿಟ್ಟದ್ದು. ಎರಡು ದಿನದಲ್ಲಿ ಅದನ್ನೆಲ್ಲ ತುಂಬಿಸಿದೆ. ವಾರಕ್ಕೆ ನೂರ ಅರವತ್ತೆಂಟು ಗಂಟೆ. ತುಂಬಿದ್ದು ನೂರ ಅರವತ್ತಾರು. ಮಂಗಳವಾರ ಬೆಳಗಿನ ಜಾವ ನಾಲ್ಕರಿಂದ ಆರು ಖಾಲಿ. ಎರಡು ಗಂಟೆ ನೀರು ಯಾರಿಗೂ ಇಲ್ಲದೆ ಸುಮ್ಮನೆ ಹರಿಯುತ್ತದೆಯೇ? ರುದ್ರಣ್ಣನನ್ನು ಕೇಳಿದರೆ, "ಕಾಲುವೆ ರಿಪೇರಿಗೆ ಬಿಟ್ಟಿರ್ಬೇಕು ಬಿಡಮ್ಮ," ಎಂದರು.

ಸರಿಯಿದೆಯೇ ಎಂದು ತಾಳೆ ನೋಡಲು ಓಬಳಪ್ಪನವರನ್ನು ಕರೆಸಿದೆ. ಶೇಂಗಾ ಮೂಟೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಸೋಮವಾರ ಬೆಳಿಗ್ಗೆಯಿಂದ ಶುರುಮಾಡಿದರು. ನಡುವೆ ಏನಾದರೂ ಕೇಳಿದರೆ ಮತ್ತೆ ಮೊದಲಿಂದ. ಎರಡು ಸಲ ಹಾಗಾದ ಮೇಲೆ ನಾನು ಬಾಯಿ ಬಿಗಿಹಿಡಿದು ರಿಜಿಸ್ಟರಿನ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಸೋಮವಾರ ಹಗಲು ಒಂದಕ್ಷರ ತಪ್ಪಲಿಲ್ಲ. ರಾತ್ರಿ ಹತ್ತರಿಂದ ನಾಲ್ಕು ಅಮೀರ್ ಸಾಬ್. ರಿಜಿಸ್ಟರಿನಲ್ಲೂ ಅಮೀರ್ ಸಾಬ್.

"ಅಲ್ಲಿಂದ ಸೋಮವಾರ ರಾತ್ರಿ ನಾಕರಿಂದ ಆರು, ರತ್ನಿ," ಎಂದರು ಓಬಳಪ್ಪ.

ರಿಜಿಸ್ಟರಿನಲ್ಲಿ ರತ್ನಕ್ಕನ ಹೆಸರೇ ಇರಲಿಲ್ಲ. ಬಿಟ್ಟುಹೋಗಿರಬೇಕೆಂದು ನಾನು ಸೋಮವಾರ, ಬೆಳಗಿನ ಜಾವ ನಾಲ್ಕು, ರತ್ನಮ್ಮ ಎಂದು ಒತ್ತಿದೆ. ಕೆಂಪು ಅಕ್ಷರ ಬಂತು. ಆ ಹೊತ್ತು ಬೇರೆಯವರಿಗಿದೆ. ಯಾರೆಂದು ನೋಡಿದರೆ ಸ್ವತಃ ರುದ್ರಣ್ಣ.

"ಓಬಳಪ್ಪಾರೆ, ಸೋಮವಾರ ನಾಕಕ್ಕೆ ರುದ್ರಣ್ಣೋರ ಪಾಳಿ ಐತೆ."

"ರುದ್ರಣ್ಣಂದು ಭಾನುವಾರ ರಾತ್ರಿ ಕಣಮ್ಮ."

"ಭಾನುವಾರ ಅಲ್ರಿ, ಸೋಮವಾರ. ಇಲ್ಲಿ ಬರ್ದೈತೆ. ನೀವು ಎಲ್ಲೋ ತಪ್ಪು ಹೇಳ್ತಿದೀರ."

ಅವರು ಕಣ್ಣು ತೆರೆದರು. ತೂಬಿನ ಹತ್ತಿರ ಅವರಿಗೆ ಆ ಮಾತು ಯಾರೂ ಹೇಳಿರಲಿಕ್ಕಿಲ್ಲ. "ಬರ್ದಿರೋದು ನಿನಗೆ ಗೊತ್ತು, ಬಿಟ್ಟಿರೋದು ನನಗೆ ಗೊತ್ತು," ಎಂದು ಮೂಟೆಯಿಂದ ಇಳಿದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಮರುದಿನ ಯಲ್ಲದಕೆರೆಯ ಮಗಳ ಮನೆಗೆ ಹೋದರೆಂದು ಗೊತ್ತಾಯಿತು. ತೂಬಿನ ಕೀಲಿಯನ್ನು ಅಳಿಯನ ಕೈಲಿ ಕಳಿಸಿದ್ದರು.

ಓದುತ್ತಿರುವ ನಿಮಗೆ ಇಷ್ಟರಲ್ಲೇ ಗುಟ್ಟು ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ವಯಸ್ಸಾಗಿದೆ, ವಾರಗಳು ಹಿಂದುಮುಂದಾಗುತ್ತಿವೆ ಎಂದುಕೊಂಡೆ.

ರುದ್ರಣ್ಣನಿಗೆ ವಿಷಯ ಮುಟ್ಟಿತು. ಅವರು ಕೆಟ್ಟವರಲ್ಲ. ಆದರೆ ಬರೆದಿದ್ದು ಅಂದರೆ ಅವರಿಗೆ ದೇವರು. "ರಿಜಿಸ್ಟರಲ್ಲಿ ಅವಳ ಹೊಲ ಇಲ್ಲ, ಈಗ ಕಂಪ್ಯೂಟ್ರೂ ಇಲ್ಲ ಅಂತು. ಮಂಗಳವಾರದ ಆ ಖಾಲಿ ಎರಡು ಗಂಟೆ ಐತಲ್ಲ, ಮೇಲಿನ ಹೊಲದೋರು ಮೂರು ಜನ ಕೇಳ್ತಾ ಅವ್ರೆ. ಶನಿವಾರ ಮೀಟಿಂಗಲ್ಲಿ ತೀರ್ಮಾನ ಮಾಡಾಣ," ಎಂದರು.

ಅದೇ ಸಂಜೆ ರತ್ನಕ್ಕ ಬಂದರು. ಕೂರಿ ಎಂದರೂ ಕೂರಲಿಲ್ಲ.

"ನೋಡಮ್ಮ, ಈ ಸಣ್ಣ ಕಾಲುವೆ ತೆಗೆಯುವಾಗ ನಮ್ಮ ಹೊಲಾನೇ ಸೀಳ್ಕಂಡು ಹೋತು. ಅದಕ್ಕೆ ಬದ್ಲು ಊರ ಹಿರೇರು ನಮ್ಮತ್ತೆಗೆ ವಾರಕ್ಕೆ ಎರಡು ಗಂಟೆ ನೀರು ಕೊಟ್ರು. ಬಾಯಿ ಮಾತು. ಹೊಲ ಹೋಗಿದ್ದು ಎಲ್ಲರಿಗೂ ಕಾಣ್ತದೆ, ನೀರು ಕೊಟ್ಟಿದ್ದು ಕಾಣಲ್ಲ. ಸೋಮವಾರ ರಾತ್ರಿ ಕೋಳಿ ಕೂಗೋ ಹೊತ್ತು ನಮ್ದು. ಆ ನೀರು ನಂಬ್ಕಂಡು ಗಿಡ ನೆಟ್ಟಿದೀನಿ. ಅದು ತಪ್ಪಿದ್ರೆ ಹೂವು ಒಣಗಿಸ್ಕಂಡು ನಾನು ಕೂಲಿಗೆ ಹೋಗ್ಬೇಕಷ್ಟೆ."

ನಾನು ಏನು ಹೇಳಬಹುದಿತ್ತು? ನೋಡ್ತೀನಿ ಅನ್ನಬಹುದಿತ್ತು. "ಕಂಪ್ಯೂಟರ್ ಸುಳ್ಳು ಹೇಳಲ್ಲ ರತ್ನಕ್ಕ," ಎಂದೆ.

"ನಾನು ಹೇಳ್ತೀನಾ?" ಎಂದರು. ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ಉತ್ತರ ಬೇಕೆನ್ನುವ ಹಾಗೆ. ನಾನು ಪರದೆ ನೋಡುತ್ತ ಕುಳಿತೆ. ಅವರು ಹೋದರು. ಆ ಮಾತು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಾಚಿಕೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಕುತೂಹಲ. ಇದನ್ನು ಒಪ್ಪಿಕೊಳ್ಳಬೇಕು. ಒಂದು ಕಡೆ ಪಾಳಿಯಿಲ್ಲದ ಹೆಂಗಸು, ಇನ್ನೊಂದು ಕಡೆ ಯಜಮಾನರಿಲ್ಲದ ಪಾಳಿ. ಎರಡೂ ಎರಡೇ ಗಂಟೆ. ಎರಡೂ ಕೋಳಿ ಕೂಗೋ ಹೊತ್ತು. ಆದರೆ ದಿನ ಬೇರೆ. ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ತೆಂಗು, ಹುಣಸೆ, ಬೇವುಗಳನ್ನು ಮತ್ತೆ ಕರೆದು ಪರೀಕ್ಷೆಗೆ ಕೂರಿಸಿದೆ. ಎಲ್ಲೂ ತಪ್ಪಿರಲಿಲ್ಲ. ಕಷ್ಟ ಇದ್ದಿದ್ದೇ ಅಲ್ಲಿ. ತಪ್ಪಿದ್ದರೆ ತಿದ್ದಬಹುದು, ಎಲ್ಲ ಸರಿಯಿದ್ದೂ ಉತ್ತರ ಸರಿಯಿಲ್ಲದಿದ್ದರೆ ಏನು ಮಾಡುವುದು?

ಬುಧವಾರ ರುದ್ರಣ್ಣನನ್ನು ಕೇಳಿದೆ. "ಸರ್, ಹಿಂದೆ ನೀರು ಬರ್ತಿದ್ದ ಕಾಲದಲ್ಲಿ ತೂಬಿನ ಹತ್ರ ನಿಮಗೂ ರತ್ನಕ್ಕನಿಗೂ ಜಗಳ ಆಗಿತ್ತಾ?"

"ಜಗಳ ಎಲ್ಲಿ ಬಂತು? ನನ್ನ ಪಾಳಿ ಹೊತ್ನಲ್ಲಿ ಅವಳನ್ನಾಗ್ಲಿ ಅವರತ್ತೇನಾಗ್ಲಿ ಅಲ್ಲಿ ಕಂಡೇ ಇಲ್ಲ. ಕಂಡಿದ್ರೆ ತಾನೇ ಜಗಳ?"

ಇಬ್ಬರದ್ದೂ ಒಂದೇ ತೂಬು, ಒಂದೇ ದಿನ, ಒಂದೇ ಗಂಟೆ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕಂಡಿಲ್ಲ. ಮೇಜಿನ ಮುಂದೆ ಕುಳಿತು ಇದು ಬಗೆಹರಿಯುವ ಮಾತಲ್ಲ ಎನ್ನಿಸಿತು. ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಕಾಲುವೆ ಏರಿ ಹಿಡಿದು ನಡೆದೆ.

ಅಮೀರ್ ಸಾಬರಿಗೆ ಹಿರಿಯೂರು ಪೇಟೆಯಲ್ಲಿ ಬೀಗ ರಿಪೇರಿ ಅಂಗಡಿ, ಇಲ್ಲಿ ಎರಡು ಎಕರೆ ಬದನೆ ತೋಟ. ನಾನು ಹೋದಾಗ ಬದುವಿನ ಮೇಲೆ ಕುಳಿತು ಬದನೆಕಾಯಿಯಲ್ಲಿ ಹುಳುಕು ಆರಿಸುತ್ತಿದ್ದರು. ಗಂಟೆ, ವಾರ ಯಾವುದನ್ನೂ ಕೇಳದೆ ಬೇರೆ ತರ ಕೇಳಿ ನೋಡೋಣ ಎನ್ನಿಸಿತು.

"ನಿಮ್ಮದು ಮುಗಿದ್ಮೇಲೆ ನೀರು ಯಾರಿಗೆ ಬಿಡ್ತೀರ?"

"ರತ್ನಕ್ಕನಿಗೆ. ಅದಕ್ಕೆ ಮುಂಚೆ ಅವರತ್ತೆಗೆ. ನಮ್ಮ ಅಬ್ಬಾ ಕಾಲದಿಂದ ಹಂಗೇ ನಡ್ಕಂಡು ಬಂದೈತೆ. ಈ ಬದುವಿನ ಮೇಲೆ ನಿಂತ್ಕಂಡು 'ನೀರು ಬಂತಮ್ಮಾ' ಅಂತ ಕೂಗೋರು. ಆ ಕಡೆಯಿಂದ ದನಿ ಬಂದ್ಮೇಲೇ ತಿರುಗ್ಸೋದು. ಆಮೇಲೆ ಕೈಕಾಲು ತೊಳ್ಕಂಡು ಬೆಳಗಿನ ಫಜರ್ ನಮಾಜಿಗೆ ಹೋಗೋರು."

"ಅದು ಯಾವ ದಿನ ಸಾಬರೆ?"

ಅವರು ನಕ್ಕರು. "ಯಾವ ದಿನ ಅಂತ ಕೇಳ್ಬ್ಯಾಡ್ರಿ, ಯಾರ ದಿನ ಅಂತ ಕೇಳ್ರಿ. ಓಬಳಪ್ಪ ಸೋಮವಾರ ರಾತ್ರಿ ಅಂತಾರೆ. ಅವರಿಗೆ ಹೊತ್ತು ಹುಟ್ಟೋವರ್ಗೂ ಹಿಂದಿನ ದಿನಾನೇ. ನಮ್ಮ ಮನೇಲಿ ಹೊತ್ತು ಮುಳುಗಿ ಮಗ್ರಿಬ್ ಆತಂದ್ರೆ ಮುಂದಿನ ದಿನ ಬಂದಂಗೆ. ಗುರುವಾರ ಸಂಜೆ ದೀಪ ಹಚ್ಚುವಾಗ್ಲೇ ನಮ್ಮಮ್ಮ ಜುಮ್ಮಾ ಬಂತು, ಶುಕ್ರವಾರ ಶುರುವಾತು ಅನ್ನೋರು. ಇನ್ನ ಆಫೀಸ್ನೋರಿಗೆ ನಡುರಾತ್ರಿ ಹನ್ನೆರಡಕ್ಕೆ, ಎಲ್ಲಾ ಮಲಗಿರುವಾಗ ದಿನ ಬದ್ಲಾಗ್ತದೆ. ನೀರು ಒಂದೇ, ದಿನ ಮೂರು."

ನಾನು ಅಲ್ಲೇ ಬದುವಿನ ಮೇಲೆ ಕುಳಿತೆ. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳಲ್ಲ, ನಾನೂ ಮನೆಯಲ್ಲಿ ಹಾಗೇ ಹೇಳುತ್ತೇನಲ್ಲ. ಭಾನುವಾರ ರಾತ್ರಿ ಮೂರು ಗಂಟೆಗೆ ಮಗು ಅತ್ತಿತು ಅಂದರೆ ಕ್ಯಾಲೆಂಡರಿನಲ್ಲಿ ಅದು ಸೋಮವಾರ ಎಂದು ಯಾರು ಎಣಿಸುತ್ತಾರೆ? ಓಬಳಪ್ಪನವರ ಸೋಮವಾರ ರಾತ್ರಿ ನಾಲ್ಕು ಗಂಟೆಯೇ ಎಂಜಿನಿಯರರ ಮಂಗಳವಾರ ನಾಲ್ಕು ಗಂಟೆ. ರುದ್ರಣ್ಣನ ಸೋಮವಾರ ನಾಲ್ಕು ಗಂಟೆ ಓಬಳಪ್ಪನವರಿ​ಗೆ ಭಾನುವಾರ ರಾತ್ರಿ. ಅವರು ಅದನ್ನೂ ಬಾಯಿಬಿಟ್ಟು ಹೇಳಿದ್ದರು. ಕೇಳಿಸಿಕೊಳ್ಳದವಳು ನಾನು. ಆ ಎಂಜಿನಿಯರು ರತ್ನಕ್ಕನ ಹೊಲ ಲೆಕ್ಕದಲ್ಲಿಲ್ಲವೆಂದು ಹೆಸರು ಬರೆಯಲಿಲ್ಲ. ಆದರೆ ಆ ಹೊತ್ತು ಬೇರೆ ಯಾರದೂ ಅಲ್ಲವೆಂದು ಬೇರೆ ಹೆಸರನ್ನೂ ಬರೆಯಲಿಲ್ಲ. ಖಾಲಿ ಎರಡು ಗಂಟೆ ರತ್ನಕ್ಕನದೇ. ನಕ್ಕೆ, ಆಮೇಲೆ ಅಳು ಬಂತು. ಸಾಬರು ಗಾಬರಿಯಾಗಿ ಒಂದು ಚೊಂಬು ನೀರು ತಂದುಕೊಟ್ಟರು.

ಒಬ್ಬರ ಮಾತು ಸಿಕ್ಕಿತೆಂದು ಮುಗಿಸುವ ಹಾಗಿರಲಿಲ್ಲ. ನಾನು ಪಾಠದಲ್ಲಿ ಹೇಳುತ್ತಿದ್ದೆ, ಒಂದು ಪರೀಕ್ಷೆ ಪಾಸಾದರೆ ಪ್ರೋಗ್ರಾಂ ಪಾಸಾದ ಹಾಗಲ್ಲ ಎಂದು. ಆವತ್ತು ಸಂಜೆಯವರೆಗೆ ಪ್ರತಿ ಹೊಲಕ್ಕೂ ಹೋಗಿ ಅದೊಂದೇ ಪ್ರಶ್ನೆ ಕೇಳಿದೆ. ನಿಮ್ಮದಾದ ಮೇಲೆ ಯಾರು? ಗಂಟೆ ಎಷ್ಟೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು. ಮುಂದಿನವರು ಯಾರೆಂದು ಕೇಳಿದರೆ ಯಾರೂ ತಡವರಿಸಲಿಲ್ಲ. ಪಾಳಿ ಮರೆತುಹೋಗಿದೆ ಎಂದು ರುದ್ರಣ್ಣ ಹೇಳಿದ್ದು ಅರ್ಧ ನಿಜ. ತಮ್ಮ ಗಂಟೆ ಮರೆತಿದ್ದರು, ತಮ್ಮ ಪಕ್ಕದವರನ್ನು ಮರೆತಿರಲಿಲ್ಲ. ಒಂದೊಂದೇ ಹೆಸರು ಜೋಡಿಸುತ್ತ ಹೋದರೆ ವಾರ ಒಂದು ಸುತ್ತು ತಿರುಗಿ ಹೊರಟಲ್ಲಿಗೇ ಬಂದು ನಿಂತಿತು. ನಡುವೆ ಎಲ್ಲೂ ಖಾಲಿಯಿರಲಿಲ್ಲ.

ಕೊನೆಗೆ ರತ್ನಕ್ಕನ ಹೊಲ. ಅವರು ಸಸಿಗಳ ಬುಡಕ್ಕೆ ಮಣ್ಣು ಏರಿಸುತ್ತಿದ್ದರು.

"ತಪ್ಪು ನಂದು ರತ್ನಕ್ಕ," ಎಂದೆ.

"ಕಂಪ್ಯೂಟ್ರು ಸುಳ್ಳು ಹೇಳಲ್ಲ ಅಂದಿದ್ದೆ?"

"ಅದು ಹೇಳ್ಲಿಲ್ಲ. ನಾನು ಅದಕ್ಕೆ ಸರಿಯಾಗಿ ಹೇಳಿಕೊಡ್ಲಿಲ್ಲ."

ಅವರು ಬಾಗಿದ್ದವರು ನೆಟ್ಟಗೆ ನಿಂತರು. "ಅದನ್ನ ನನಗೆ ಹೇಳಿದ್ರೆ ಏನು ಬಂತು? ಶನಿವಾರ ಅಲ್ಲಿ ಹೇಳು," ಎಂದು ಮತ್ತೆ ಬಾಗಿದರು.

ಶುಕ್ರವಾರ ಬಸ್ಸು ಹತ್ತಿ ಯಲ್ಲದಕೆರೆಗೆ ಹೋದೆ. ಓಬಳಪ್ಪ ಮಗಳ ಮನೆಯ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. "ನಾನು ಬರಲ್ಲ. ಬರ್ದಿರೋದನ್ನೇ ಕೇಳ್ಕಳ್ರಿ," ಎಂದರು.

"ಬರ್ದಿರೋದೂ ನೀವು ಹೇಳಿದ್ದೂ ಒಂದೇ ಓಬಳಪ್ಪಾರೆ. ಓದೋಕೆ ಬರ್ದೆ ಇದ್ದಿದ್ದು ನನಗೆ."

ಹಗ್ಗದ ಎರಡು ಎಳೆ ಹೊಸೆದು ಮುಗಿಸಿದರು. ಆಮೇಲೆ ಒಳಗೆ ಕೂಗಿ ಮಗಳನ್ನು ಕೇಳಿದರು, ಹಿರಿಯೂರು ಬಸ್ಸು ಎಷ್ಟು ಹೊತ್ತಿಗೆಂದು.

ಶನಿವಾರ ಗೋದಾಮು ತುಂಬಿತ್ತು. ನನ್ನ ಯಂತ್ರದಲ್ಲಿ ದಿನ ಎಲ್ಲಿ ಶುರುವಾಗಬೇಕು ಎಂಬ ಒಂದು ಸಾಲು ತಿದ್ದಿದ್ದೆ. ನಡುರಾತ್ರಿಯ ಬದಲು ಹೊತ್ತು ಹುಟ್ಟಿದಾಗ. ತೆರೆದು ತೋರಿಸಿದೆ. ರತ್ನಮ್ಮ, ಸೋಮವಾರ ರಾತ್ರಿ, ನಾಲ್ಕರಿಂದ ಆರು. ಕೆಂಪು ಅಕ್ಷರ ಬರಲಿಲ್ಲ. ಆಗಿದ್ದನ್ನೆಲ್ಲ ಹೇಳಿ, ತಪ್ಪು ನನ್ನದೆಂದು ಎಲ್ಲರೆದುರು ಒಪ್ಪಿಕೊಂಡೆ.

ರುದ್ರಣ್ಣ ಕೆಮ್ಮಿದರು. "ಮೊನ್ನೆ ಇದೇ ಯಂತ್ರ ಇಲ್ಲ ಅಂತಿತ್ತು. ನೀನು ತಿದ್ದಿದ ಮೇಲೆ ಐತೆ ಅಂತೈತೆ. ನಾಳೆ ಇನ್ನೊಬ್ರು ತಿದ್ದಿದ್ರೆ ಇನ್ನೇನೋ ಅಂತೈತೆ. ಇದನ್ನ ನಂಬ್ಕಂಡು ನಾನು ಹೆಂಗಮ್ಮ ಸಹಿ ಹಾಕ್ಲಿ?"

ಕೋಪ ಬಂತು. ಆದರೆ ಮಾತು ನ್ಯಾಯದ್ದೇ. ಉತ್ತರ ಕೊಟ್ಟವರು ಓಬಳಪ್ಪ.

"ಇಲ್ಲಿ ಕುಂತು ಯಾಕೆ ಕಿತ್ತಾಡ್ತೀರ? ತೂಬು ಅಲ್ಲೇ ಐತಲ್ಲ. ನಿನ್ನ ಪಾಳಿ ನೀನು ಹಾಯಿಸ್ಕ ರುದ್ರಣ್ಣ. ಅವಳ ಪಾಳಿ ಅವಳು ಹಾಯಿಸ್ಕಳ್ಳಿ. ಇಬ್ರೂ ಎದುರುಬದ್ರು ಆದ್ರೆ ನನ್ನ ಮಾತು ಸುಳ್ಳು."

"ಆಗ್ಲಿ," ಎಂದರು ರುದ್ರಣ್ಣ. "ಅಡ್ಡ ಬರ್ದಿದ್ರೆ ರಿಜಿಸ್ಟರಲ್ಲಿ ನನ್ನ ಕೈಯಾರೆ ಬರೀತೀನಿ. ಬಂದ್ರೆ ಆ ನೀರು ಮೇಲಿನೋರಿಗೆ."

ಭಾನುವಾರ ಕಳೆದು ಬೆಳಗಾಗುವ ಮುಂಚೆ ರುದ್ರಣ್ಣ ತಮ್ಮ ಹೊಲಕ್ಕೆ ನೀರು ಹಾಯಿಸಿಕೊಂಡರು. ರತ್ನಕ್ಕ ಅತ್ತ ಸುಳಿಯಲಿಲ್ಲ. ಮರುದಿನ ಅದೇ ಹೊತ್ತಿಗೆ ನಾವೆಲ್ಲ ಅಮೀರ್ ಸಾಬರ ಬದುವಿನ ಹತ್ತಿರ ನಿಂತಿದ್ದೆವು. ರುದ್ರಣ್ಣನ ಕಂಕುಳಲ್ಲಿ ರಿಜಿಸ್ಟರ್. ನಾನು ಲ್ಯಾಪ್‌ಟಾಪನ್ನು ಒಂದು ಕಲ್ಲಿನ ಮೇಲಿಟ್ಟು ತೆರೆದೆ. ಪ್ರೋಗ್ರಾಂ ಇನ್ನೂ ಹೊರಗೆ ಹೋಗಿರಲಿಲ್ಲ, ಕಾಣುವುದು ಆ ಒಂದು ಪರದೆಯಲ್ಲಿ ಮಾತ್ರ. ರುದ್ರಣ್ಣ ತಮ್ಮ ಫೋನು ತೆಗೆದು ನೋಡಿದರು, ಮಂಗಳವಾರ ನಾಲ್ಕು ಗಂಟೆ. ನನ್ನ ಪರದೆ ನೋಡಿದರು, ಸೋಮವಾರ ರಾತ್ರಿ, ರತ್ನಮ್ಮ. ಮತ್ತೊಮ್ಮೆ ಫೋನು ನೋಡಿದರು.

ಅಮೀರ್ ಸಾಬರು ಗುದ್ದಲಿ ಊರಿಕೊಂಡು ಕತ್ತಲಿಗೆ ಕೂಗಿದರು. "ನೀರು ಬಂತಕ್ಕಾ."

"ಬಿಡಪ್ಪ," ಎಂದು ಆ ಕಡೆಯಿಂದ ರತ್ನಕ್ಕನ ದನಿ ಬಂತು.

ಓಬಳಪ್ಪ ತಿರುಗಿಸಿದರು. ನೀರು ಒಂದು ಕ್ಷಣ ಅನುಮಾನಿಸಿ, ಎಲೆ ಕಸ ತಳ್ಳಿಕೊಂಡು ಕಟ್ಟಕಡೆಯ ಹೊಲದತ್ತ ಹರಿಯಿತು. ಅದರ ಜೊತೆಗೇ ನಾವೂ ನಡೆದೆವು. ಎರಡು ಗಂಟೆ ರುದ್ರಣ್ಣ ಆ ಹೊಲದ ಬದುವಿನಲ್ಲಿ ನಿಂತೇ ಇದ್ದರು. ಯಾರೂ ಬಂದು ಇದು ನನ್ನ ನೀರು ಎನ್ನಲಿಲ್ಲ. ರತ್ನಕ್ಕ ಸೀರೆ ಎತ್ತಿ ಕಟ್ಟಿ, ಸಾಲಿನಿಂದ ಸಾಲಿಗೆ ಮಣ್ಣಿನ ಮಡೆ ಕಟ್ಟುತ್ತ, ಒಡೆಯುತ್ತ, ನಮ್ಮ ಕಡೆ ತಿರುಗಿಯೂ ನೋಡದೆ ಗಿಡಗಳಿಗೆ ನೀರು ಉಣಿಸಿದರು. ಬೆಳಕು ಹರಿಯುವ ಹೊತ್ತಿಗೆ ಕೊನೆಯ ಸಾಲೂ ತೊಯ್ದಿತ್ತು.

ರುದ್ರಣ್ಣ ರಿಜಿಸ್ಟರ್ ತೆರೆದು ಮಂಗಳವಾರದ ಖಾಲಿ ಜಾಗದ ಮೇಲೆ ಪೆನ್ನಿಟ್ಟರು.

"ಅಲ್ಲಿ ಬ್ಯಾಡ್ರಿ," ಎಂದರು ರತ್ನಕ್ಕ, ಕೆಸರುಗೈ ಒರೆಸಿಕೊಳ್ಳುತ್ತ. "ಸೋಮವಾರದ್ರಲ್ಲಿ ಬರೀರಿ. ನಮ್ಮತ್ತೆಗೆ ಕೊಟ್ಟಿದ್ದು ಸೋಮವಾರ."

ಸೋಮವಾರದ ಪುಟದಲ್ಲಿ ಜಾಗವಿರಲಿಲ್ಲ. ರುದ್ರಣ್ಣ ಒಂದು ಗಳಿಗೆ ಯೋಚಿಸಿ, ಅಂಚಿನಲ್ಲಿ, ಕೆಳಗೆ, ಪುಟ್ಟ ಅಕ್ಷರದಲ್ಲಿ ರತ್ನಮ್ಮ ಎಂದು ಬರೆದು ಸಹಿ ಹಾಕಿದರು. ರತ್ನಕ್ಕ ಅದನ್ನು ಓದಲಿಲ್ಲ, ಬೆರಳಿನಿಂದ ಮುಟ್ಟಿದರು. ಹೆಸರಿನ ಮೇಲೆ ಸ್ವಲ್ಪ ಕೆಸರು ಉಳಿಯಿತು.

ಕಾಲುವೆ ಏರಿಯ ಮೇಲೆ ಸೂರ್ಯ ಕಂಡ. ಓಬಳಪ್ಪ ಅದುವರೆಗೆ ಆ ಕಡೆಯೇ ನೋಡುತ್ತ ನಿಂತಿದ್ದರು. ನಿಧಾನವಾಗಿ ಹೋಗಿ ನೀರನ್ನು ಮುಂದಿನವರ ಹೊಲಕ್ಕೆ ತಿರುಗಿಸಿ ಬಂದು, ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು.

"ಈಗ ಸೋಮವಾರ ಮುಗೀತು," ಎಂದರು. "ಬರ್ಕಳಮ್ಮ."